ಬೆಂಗಾಡಿನ ಮನೆ ಬಿಟ್ಟ ಕಾರಣ

೧೯೫೮ನೇ ಇಸವಿ. ದೀಪಾವಳಿ ಕಳೆದ ವಾರ ನಾನು ನನ್ನ ಹೆಂಡತಿ ನಾರಾಯಣಮ್ಮನನ್ನು ಕರೆದುಕೊಂಡು ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟಕ್ಕೆ ಬಸ್ಸು ಹತ್ತಿದೆ. ಶಿಡ್ಲಘಟ್ಟದಲ್ಲಿ ಮನೆ ನೋಡಿ, ಅಲ್ಲೇ ನೆಲೆ ನಿಲ್ಲುವುದೆಂದು ತೀರ್ಮಾನ ಮಾಡಿಯಾಗಿತ್ತು. ಆಗ ನನಗೆ ಇಪ್ಪತ್ತಾರು ನಡೆಯುತ್ತಿತ್ತು.

ನಮ್ಮೂರು ಮಂಚೇನಹಳ್ಳಿ ಹತ್ತಿರದ ಒಂದು ಹಳ್ಳಿ. ಅಪ್ಪನಿಗಿದ್ದ ಹೊಲ ಇಬ್ಬರು ಅಣ್ಣಂದಿರಿಗೆ ಸಾಕಾಗುವಷ್ಟು. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಮೇಷ್ಟ್ರು ಯಾರೋ ಮಾಡಿದ ತಪ್ಪಿಗೆ ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದರು. ಇಳಿದವನು ಮತ್ತೆ ಶಾಲೆಗೆ ಹೋಗಲಿಲ್ಲ. ಅಪ್ಪ ಹೊಡೆದರು, ಅಮ್ಮ ಅತ್ತರು, ನಾನು ಹೋಗಲಿಲ್ಲ. ಹನ್ನೊಂದನೇ ವಯಸ್ಸಿಗೆ ಚಿಕ್ಕಬಳ್ಳಾಪುರದಲ್ಲಿ ರೇಷ್ಮೆ ನೂಲು ತೆಗೆಯುವವರ ಮನೆ ಸೇರಿ ಚರಕದ ಚಕ್ರ ತಿರುಗಿಸಲು ನಿಂತೆ. ಕನ್ನಡ ಸರಿಯಾಗಿ ಓದುವುದು ಬರೆಯುವುದನ್ನು ಆಮೇಲೆ ಹಳೇ ಪೇಪರುಗಳನ್ನು ಇಟ್ಟುಕೊಂಡು ನಾನೇ ಕಲಿತೆ.

ನೂಲು ತೆಗೆಯುವುದನ್ನು ನೋಡದವರಿಗೆ ಎರಡು ಮಾತು ಹೇಳುತ್ತೇನೆ. ಒಲೆಯ ಮೇಲಿನ ಬಾಣಲೆಯಲ್ಲಿ ನೀರು ಕುದಿಯುತ್ತಿರುತ್ತದೆ. ಅದರಲ್ಲಿ ರೇಷ್ಮೆಗೂಡು ಬೇಯಬೇಕು. ಬೆಂದು ಮೆತ್ತಗಾದ ಗೂಡಿನಿಂದ ಎಳೆ ಹಿಡಿದು, ಏಳೆಂಟು ಗೂಡಿನ ಎಳೆಗಳನ್ನು ಒಂದು ಮಾಡಿ ಚರಕಕ್ಕೆ ಕೊಡಬೇಕು. ಒಬ್ಬರು ಬಾಣಲೆ ಮುಂದೆ ಕೂತರೆ ಇನ್ನೊಬ್ಬರು ಚಕ್ರ ತಿರುಗಿಸುತ್ತಾರೆ. ನಾನು ಐದು ವರ್ಷ ಚಕ್ರ ತಿರುಗಿಸಿದೆ, ಹತ್ತು ವರ್ಷ ಬಾಣಲೆ ಮುಂದೆ ಕೂತೆ. ನನ್ನ ಎಳೆ ಹರಿಯುತ್ತಿರಲಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ, ಆ ಕಾಲದಲ್ಲಿ ನೋಡಿದವರು ಈಗಲೂ ಇದ್ದಾರೆ. ಆದರೆ ನಾನು ತೆಗೆದ ನೂಲಿನ ಲಡಿ ಮಾರುಕಟ್ಟೆಗೆ ಹೋಗುತ್ತಿದ್ದುದು ಯಜಮಾನರ ಹೆಸರಿನಲ್ಲಿ. ಇಪ್ಪತ್ತಾರು ತುಂಬುವುದರೊಳಗೆ ನನ್ನದೇ ಎರಡು ಚರಕ ಹೂಡಬೇಕು, ಮತ್ತೊಬ್ಬರ ಬಾಣಲೆ ಮುಂದೆ ಇನ್ನು ಕೂರಬಾರದು ಎಂದು ನಾನು ಮನಸ್ಸಿನಲ್ಲೇ ಆಣೆ ಇಟ್ಟುಕೊಂಡಿದ್ದೆ. ಹದಿನೈದು ವರ್ಷ ಕೂಡಿಟ್ಟದ್ದು ಎರಡು ಚರಕಕ್ಕೂ ಒಂದು ಸಲದ ಗೂಡಿಗೂ ಸರಿಹೋಗುವಷ್ಟಿತ್ತು. ಅದು ಕೈಬಿಟ್ಟರೆ ಮತ್ತೆ ಯಜಮಾನರ ಮನೆಯ ಬಾಗಿಲೇ ಗತಿ.

ಶಿಡ್ಲಘಟ್ಟವನ್ನೇ ಆರಿಸಿಕೊಂಡದ್ದು ಸುತ್ತಲ ಹಳ್ಳಿಗಳ ಗೂಡು ಅಲ್ಲಿ ಸುಲಭವಾಗಿ ಸಿಗುತ್ತದೆಂದು. ಉಳಿದದ್ದು ಯಾವ ಬೀದಿ ಎಂಬುದು.

ಬಸ್ಸು ಇಳಿದ ಮೇಲೆ ನಾರಾಯಣಮ್ಮನ ಸೆರಗಿನ ತುದಿಯಲ್ಲಿ ಒಂದು ಗಂಟು ಇರುವುದನ್ನು ಕಂಡೆ. ಏನದು ಎಂದರೆ ತೊಗರಿಬೇಳೆ ಎಂದಳು. ಅವಳು ಚಿಂತಾಮಣಿ ಆಚೆಯ ಹಳ್ಳಿಯವಳು, ಮನೆಯಲ್ಲಿ ಅವರದು ತೆಲುಗು. ಅವರ ಕಡೆ ಹೊಸ ಊರಿನಲ್ಲಿ ಮನೆ ಮಾಡುವ ಮುಂಚೆ ಹೆಂಗಸರು ಅಲ್ಲಿಯ ನೀರಿನಲ್ಲಿ ಒಂದು ಹಿಡಿ ಬೇಳೆ ಬೇಯಿಸಿ ನೋಡುತ್ತಾರಂತೆ. ಬೇಳೆ ಕರಗಿದರೆ ಆ ನೀರಿನಲ್ಲಿ ಬಾಳಬಹುದು, ಕರಗದಿದ್ದರೆ ಬೇಡ. ಅವಳ ಅಜ್ಜಿ ಒಂದು ಗಂಡಿನ ಮನೆಯನ್ನೇ ಹೀಗೆ ಬೇಡವೆಂದಿದ್ದರಂತೆ. ನನಗೆ ನಾಚಿಕೆಯಾಯಿತು. ನಾವು ಮನೆ ನೋಡೋಕೆ ಬಂದಿದ್ದೀವಿ, ಕಂಡೋರ ಒಲೆ ಕೇಳೋಕಲ್ಲ ಎಂದು ಗದರಿದೆ. ಅವಳು ಗಂಟನ್ನು ಇನ್ನೊಂದು ಸಲ ಬಿಗಿ ಮಾಡಿಕೊಂಡು ಹಿಂದೆ ನಡೆದಳು.

ಮೊದಲು ಹೋದದ್ದು ನಮ್ಮ ಜನ ಇರುವ ಬೀದಿಗೆ. ಅಲ್ಲಿ ನನ್ನ ದೊಡ್ಡಪ್ಪನ ಮಗ ಪಿಳ್ಳಪ್ಪಣ್ಣ ಇದ್ದ. ಕಾಫಿ ಕೊಟ್ಟ, ಮನೆಯೂ ತೋರಿಸಿದ, ಜಗಲಿ ಮೇಲೆ ಕೂತಿದ್ದ ನಾಲ್ಕು ಜನಕ್ಕೆ ನನ್ನ ಪರಿಚಯವನ್ನೂ ಮಾಡಿಸಿದ. "ನಮ್ ಚಿಕ್ಕಪ್ಪನ ಕೊನೇ ಮಗ. ಓದು ಹತ್ಲಿಲ್ಲ, ಹುಳ ಬೇಯಿಸ್ತಾನೆ. ನಾವಿದೀವಲ್ಲ, ಒಂದು ದಾರಿ ಮಾಡಣ ಬಿಡಿ" ಎಂದ. ಅವನು ಕೆಟ್ಟ ಮನುಷ್ಯನೇನಲ್ಲ, ಪ್ರೀತಿಯಿಂದಲೇ ಹೇಳಿದ. ಆದರೆ ಆ ಬೀದಿಯಲ್ಲಿ ಸಾಯುವವರೆಗೂ ನಾನು ಪಿಳ್ಳಪ್ಪಣ್ಣ ದಾರಿ ಮಾಡಿಕೊಟ್ಟವನಾಗಿಯೇ ಇರಬೇಕಾಗುತ್ತದೆ ಎನಿಸಿತು. ಮನೆ ಚಿಕ್ಕದಾಯಿತು ಎಂದು ಹೇಳಿ ಎದ್ದೆ.

ಆಮೇಲೆ ಚರಕದವರ ಗಲ್ಲಿ. ಅದು ಹೆಚ್ಚಾಗಿ ಮುಸಲ್ಮಾನರ ಬೀದಿ. ಎರಡೂ ಕಡೆ ಮನೆಮನೆಯಲ್ಲೂ ಬಾಣಲೆ, ಹೊಗೆ, ಬೆಂದ ಹುಳದ ವಾಸನೆ. ಗಲ್ಲಿಯ ನಡುವೆ ಒಂದು ಬಾವಿ. ಬಾವಿಗೆ ಎದುರಾಗಿ ಖೈರೂನ್ ಬಿ ಎಂಬ ಹೆಂಗಸಿನ ಮನೆ. ಸುಮಾರು ಐವತ್ತು ವರ್ಷದವರು, ಗಂಡ ಬಾಷಾ ಸಾಬರಿಗೆ ದಮ್ಮು, ಹೆಚ್ಚು ಕೆಲಸ ಆಗುತ್ತಿರಲಿಲ್ಲ. ಮನೆಯ ಹಿಂದಿನ ಅರ್ಧ ಭಾಗ ಬಾಡಿಗೆಗಿತ್ತು. ನಾನು ಬಾಷಾ ಸಾಬರ ಜೊತೆ ಕೋಣೆ ನೋಡುತ್ತಿರುವಾಗ ನಾರಾಯಣಮ್ಮ ಆಕೆಯ ಹತ್ತಿರ ಏನೋ ಪಿಸುಗುಟ್ಟಿದಳು. ನೋಡಿದರೆ ಖೈರೂನ್ ಬಿ ಒಲೆಯ ಮೇಲಿದ್ದ ಪಾತ್ರೆ ಕೆಳಗಿಳಿಸಿ ಜಾಗ ಮಾಡಿಕೊಡುತ್ತಿದ್ದಾರೆ. ನನಗೆ ಭೂಮಿ ಬಾಯಿ ಬಿಟ್ಟರೆ ಸಾಕು ಎನಿಸಿತು. ಆಕೆಗೆ ಮಾತ್ರ ಇದು ಹೊಸದೇನೂ ಅಲ್ಲ ಎಂಬಂತಿತ್ತು. ನಮ್ಮ ಅತ್ತೆನೂ ಹಿಂಗೇ ನೋಡ್ತಿದ್ರು ಎಂದು ಹೇಳಿ ತಾವೇ ಬಾವಿಯಿಂದ ನೀರು ಸೇದಿ ತಂದರು.

ಬಾಷಾ ಸಾಬರು ಎರಡು ಬೀಡಿ ಸೇದುವುದರೊಳಗೆ ಬೇಳೆ ಬೆಣ್ಣೆಯಾಗಿತ್ತು. ಖೈರೂನ್ ಬಿ ಅದಕ್ಕೆ ಉಪ್ಪು, ಒಂದು ಮೆಣಸಿನಕಾಯಿ ಹಾಕಿದರು. ಹೆಂಗಸರಿಬ್ಬರೂ ಅಲ್ಲೇ ಕೂತು ಒಂದೇ ತಟ್ಟೆಯಲ್ಲಿ ರೊಟ್ಟಿ ಅದ್ದಿಕೊಂಡು ತಿಂದರು. ನನ್ನನ್ನೂ ಕರೆದರು. ನಾನು ಹಸಿವಿಲ್ಲ ಎಂದೆ. ನಿಜವಾಗಿ ಹೊಟ್ಟೆ ಚುರುಗುಟ್ಟುತ್ತಿತ್ತು.

ನಾರಾಯಣಮ್ಮನ ಮುಖದಲ್ಲಿ ಮನೆ ಸಿಕ್ಕಿತು ಎಂಬ ನೆಮ್ಮದಿ ಇತ್ತು. ನನಗೆ ಅರ್ಧ ಮನೆ ಹಿಡಿಸಲಿಲ್ಲ. ಅವರ ಬಾಗಿಲಿನಿಂದ ಹೋಗಬೇಕು, ಅವರ ಬಾವಿಗೆ ಸಾಲು ನಿಲ್ಲಬೇಕು. ಅದಕ್ಕಿಂತ ಹೆಚ್ಚಾಗಿ, ಅಲ್ಲಿ ಇಪ್ಪತ್ತು ಮನೆಯವರು ಮೂರು ತಲೆಮಾರಿನಿಂದ ನೂಲು ತೆಗೆದವರು. ಅವರ ನಡುವೆ ನಾನು ಹೊಸಬ. ನನ್ನ ಕೆಲಸವನ್ನು ಯಾರೂ ಬಗ್ಗಿ ನೋಡಬಾರದು ಎಂಬುದು ನನ್ನ ಆಸೆ. ಯೋಚನೆ ಮಾಡಿ ಹೇಳ್ತೀನಿ ಎಂದು ಹೊರಟುಬಿಟ್ಟೆ.

ಮೂರನೆಯದು ಊರಾಚೆ ಚಿಂತಾಮಣಿ ರಸ್ತೆಯ ಕಡೆಗೆ ಹೊಸದಾಗಿ ಸೈಟು ಹಾಕಿದ್ದ ಬಡಾವಣೆ. ಅದಕ್ಕೆ ಮಾಲೀಕರು ಯಾವುದೋ ಒಳ್ಳೆಯ ಹೆಸರು ಇಟ್ಟಿದ್ದರು. ಊರವರು ಮಾತ್ರ ಬೆಂಗಾಡು ಎನ್ನುತ್ತಿದ್ದರು. ಕಣ್ಣು ಹಾಯಿಸಿದಷ್ಟೂ ಬಿಳಿಚಿಕೊಂಡ ಚೌಳು ನೆಲ. ಒಂದು ಮರವಿಲ್ಲ, ಬೇಲಿಗೂ ಹಸಿರಿಲ್ಲ. ಹಂಚು ಹೊದಿಸಿದ ಆರು ಮನೆ ಕಟ್ಟಿದ್ದರು, ಅದರಲ್ಲಿ ಎರಡರಲ್ಲಿ ಮಾತ್ರ ಜನ ಇದ್ದರು. ಅವರೂ ಹಗಲೆಲ್ಲಾ ಊರೊಳಗೆ ಕೆಲಸಕ್ಕೆ ಹೋಗುತ್ತಿದ್ದರು.

ನನಗೆ ನೋಡಿದ ಕೂಡಲೇ ಹಿಡಿಸಿತು. ನಾನು ನಾನಾಗಿಯೇ ಲೆಕ್ಕ ಹಾಕಿದೆ. ಗೂಡಿನೊಳಗಿನ ಹುಳ ಚಿಟ್ಟೆಯಾಗಿ ಗೂಡು ಕೊರೆದು ಹೊರಗೆ ಬರುವ ಮುಂಚೆ ಗೂಡನ್ನು ಬಿಸಿಲಿಗೆ ಹಾಕಿ ಹುಳವನ್ನು ಕೊಲ್ಲಬೇಕು. ತೂತು ಬಿದ್ದ ಗೂಡಿನಿಂದ ನೂಲು ಬರುವುದಿಲ್ಲ. ಇಲ್ಲಿ ಬಿಸಿಲಿಗೆ ಅಡ್ಡ ಬರುವ ಒಂದು ಕಡ್ಡಿಯೂ ಇಲ್ಲ. ಗಾಳಿ ಜೋರು, ಹುಳದ ವಾಸನೆಗೆ ಮೂಗು ಮುಚ್ಚುವವರಿಲ್ಲ. ಮನೆ ಇಡೀ ನಮ್ಮದು. ಇಷ್ಟರ ಮೇಲೆ ಬಾವಿ. ಬಡಾವಣೆ ನೋಡಿಕೊಳ್ಳುವ ಮೇಸ್ತ್ರಿ ಅದರೊಳಗೆ ಒಂದು ಕಾಸು ಹಾಕಿ ತೋರಿಸಿದ. ತಳ ಮುಟ್ಟುವವರೆಗೂ ಕಾಸು ಕಾಣಿಸಿತು, ಅಷ್ಟು ತಿಳಿ. ಬೇಸಿಗೆಯಲ್ಲೂ ಬತ್ತುವುದಿಲ್ಲ ಎಂದ.

ನಾರಾಯಣಮ್ಮ ಅಲ್ಲೂ ಮೂರು ಕಲ್ಲು ಹೂಡಿ, ಗಾಳಿಗೆ ಸೆರಗು ಅಡ್ಡ ಹಿಡಿದು, ಮೇಸ್ತ್ರಿಯ ಪಾತ್ರೆಯಲ್ಲಿ ಬೇಳೆ ಇಟ್ಟಳು. ನಾವು ಆರೂ ಮನೆ ಸುತ್ತಿ ಬಂದೆವು. ಅವಳು ಸೌದೆ ಒಟ್ಟುತ್ತಲೇ ಇದ್ದಳು. ಕೊನೆಗೆ ಪಾತ್ರೆ ತಂದು ನನ್ನ ಮುಂದೆ ಹಿಡಿದಳು. ಬೇಳೆ ಹಾಕಿದ ಹಾಗೇ ಇತ್ತು. ಒಂದನ್ನು ಹಲ್ಲಿಗೆ ಹಾಕಿ ಕಟುಮ್ಮೆನಿಸಿ ತೋರಿಸಿದಳು.

ನಾನು ಮೇಸ್ತ್ರಿಯ ಮುಂದೆಯೇ ನಕ್ಕೆ. "ನಾವು ಇಲ್ಲಿ ಹೋಟ್ಲು ಇಡಕ್ಕೆ ಬಂದಿಲ್ಲ ಕಣೇ. ಬೇಳೆ ಬೇಯದಿದ್ರೆ ಹುರುಳಿಕಾಳು ತಿನ್ನಣ" ಎಂದೆ.

"ಅದೂ ಬೇಯಲ್ಲ" ಎಂದಳು. ಅಷ್ಟೇ. ಪಾತ್ರೆ ತೊಳೆದು ಮೇಸ್ತ್ರಿಗೆ ಕೊಟ್ಟಳು. ದಾರಿಯಲ್ಲಿ ಬರುವಾಗ ನಿಮ್ಮಿಷ್ಟ ಎಂದು ಒಂದು ಮಾತು ಹೇಳಿದಳು.

ಹದಿನೈದು ವರ್ಷ ಕುದಿಯುವ ನೀರಿನಲ್ಲಿ ಕೈಯಿಟ್ಟವನಿಗೆ ಬೇಳೆಯ ಮಾತು ಗೂಡಿಗೂ ಸಲ್ಲುತ್ತದೆಂದು ಹೊಳೆಯಲಿಲ್ಲವೇ ಎಂದು ಓದುವವರು ಕೇಳಬಹುದು. ಹೊಳೆಯಲಿಲ್ಲ. ಯಜಮಾನರ ಮನೆಯಲ್ಲಿ ನೀರು ತುಂಬುವವಳು ಬೇರೆ ಇದ್ದಳು. ಬೆಳಿಗ್ಗೆ ನಾನು ಬರುವಷ್ಟರಲ್ಲಿ ಹಂಡೆ ತುಂಬಿರುತ್ತಿತ್ತು. ಆ ನೀರು ಯಾವ ಬಾವಿಯದು ಎಂದು ಹದಿನೈದು ವರ್ಷದಲ್ಲಿ ಒಂದು ದಿನವೂ ಕೇಳಿರಲಿಲ್ಲ. ಕೆಲಸ ಅಂದರೆ ಕೈ ಎಂದು ತಿಳಿದಿದ್ದೆ. ಬೇಳೆ ಅಡಿಗೆಮನೆಯ ವಿಚಾರ, ಗೂಡು ಗಂಡಸರ ವಿಚಾರ ಎಂದೂ ತಿಳಿದಿದ್ದೆ.

ಮುಂದಿನ ವಾರವೇ ಬೆಂಗಾಡಿಗೆ ಬಂದೆವು. ಎರಡು ಚರಕ ಇಳಿಸಿದೆ, ಒಲೆ ಕಟ್ಟಿದೆ, ಬಾಗಿಲಿಗೆ ಮಾವಿನೆಲೆಯನ್ನು ಊರೊಳಗಿಂದ ತಂದು ಕಟ್ಟಿದೆ. ಸೋಮವಾರ ಹಳ್ಳಿಗೆ ಹೋಗಿ ಇದ್ದಬದ್ದದ್ದನ್ನೆಲ್ಲಾ ಕೊಟ್ಟು ಎಂಟು ಮಂಕರಿ ಗೂಡು ತಂದೆ. ಒಳ್ಳೆಯ ಗಟ್ಟಿ ಗೂಡು, ಕಿವಿ ಹತ್ತಿರ ಅಲ್ಲಾಡಿಸಿದರೆ ಒಳಗಿನ ಹುಳ ಟಕಟಕ ಎನ್ನುತ್ತಿತ್ತು. ಚಿಟ್ಟೆ ಹೊರಡಲು ಇನ್ನು ಐದು ದಿನ ಇತ್ತು.

ಅವತ್ತು ಸಂಜೆಯಿಂದಲೇ ಮೋಡ ಕಟ್ಟಿತು. ಮದರಾಸಿನ ಕಡೆ ಗಾಳಿ ಎದ್ದರೆ ನಮ್ಮ ಸೀಮೆಯಲ್ಲಿ ಕಾರ್ತಿಕದಲ್ಲಿ ಹೀಗೆ ಮೂರ್ನಾಲ್ಕು ದಿನ ಮುಸುಕು ಹಾಕಿ ಮಳೆ ಹಿಡಿಯುತ್ತದೆ. ಸೂರ್ಯ ಎಲ್ಲಿದ್ದಾನೆ ಎಂದೇ ತಿಳಿಯದು. ಹಬೆ ಕೊಟ್ಟು ಹುಳ ಕೊಲ್ಲಬಹುದು, ಆದರೆ ಆಮೇಲೆ ಒಣಗಿಸಲು ಬಿಸಿಲು ಬೇಕು, ಇಲ್ಲದಿದ್ದರೆ ಒಳಗೇ ಕೊಳೆತು ಗೂಡು ಕಪ್ಪಾಗುತ್ತದೆ. ಬಿಸಿಲಿಗೆಂದು ಆರಿಸಿದ ಜಾಗದಲ್ಲಿ ಬಿಸಿಲೇ ಇಲ್ಲ. ನಾನು ಅದಕ್ಕೂ ಹೆದರಲಿಲ್ಲ. ಒಣಗಿಸದ ಹಸಿಗೂಡಿನಿಂದಲೇ ನೂಲು ತೆಗೆದು ಮುಗಿಸುತ್ತೇನೆ, ಐದು ದಿನ ಸಾಕು ಎಂದು ಮಂಗಳವಾರ ಬೆಳಿಗ್ಗೆ ಬಾಣಲೆ ಮುಂದೆ ಕೂತೆ. ನಾರಾಯಣಮ್ಮ ಚಕ್ರ ಹಿಡಿದಳು.

ಎಳೆ ಹಿಡಿದರೆ ಹರಿಯುತ್ತದೆ. ಮತ್ತೆ ಹಿಡಿದರೆ ಮತ್ತೆ ಹರಿಯುತ್ತದೆ. ಗೂಡು ಗಂಟೆಗಟ್ಟಲೆ ಕುದಿದರೂ ಮೆತ್ತಗಾಗುತ್ತಿಲ್ಲ. ಮೇಲೆ ಬಿರುಸಾಗಿ, ಬೆರಳಿಗೆ ಮರಳು ಸವರಿದ ಹಾಗೆ. ಬೆಂಕಿ ಹೆಚ್ಚು ಮಾಡಿದೆ, ಕಡಿಮೆ ಮಾಡಿದೆ. ನಾರಾಯಣಮ್ಮ ಚಕ್ರ ಸರಿಯಾಗಿ ತಿರುಗಿಸುತ್ತಿಲ್ಲ ಎಂದು ಅವಳ ಮೇಲೆ ರೇಗಿದೆ. ಅವಳು ಇನ್ನೂ ನಿಧಾನವಾಗಿ ತಿರುಗಿಸಿದಳು. ಸಂಜೆಗೆ ಒಂದೇ ಒಂದು ಲಡಿ ಆಯಿತು. ಅದರಲ್ಲಿ ಹೊಳಪಿಲ್ಲ, ಬರೀ ಗಂಟು.

ಬುಧವಾರ ಅದನ್ನು ಊರೊಳಗಿನ ನೂಲಿನ ವ್ಯಾಪಾರಿಯೊಬ್ಬರ ಹತ್ತಿರ ತೆಗೆದುಕೊಂಡು ಹೋದೆ. ಅವರು ಲಡಿಯನ್ನು ಎರಡು ಬೆರಳಿನಲ್ಲಿ ಉಜ್ಜಿ, ನನ್ನ ಮುಖ ನೋಡದೆ, ಬೆಂಗಾಡಿನ ನೀರು ಎಂದರು. ಊರಿನ ಯಾವ ಬಾವಿಯ ನೀರಿನಲ್ಲಿ ತೆಗೆದ ನೂಲು ಎಂಬುದನ್ನು ಅವರು ಮುಟ್ಟಿಯೇ ಹೇಳುತ್ತಿದ್ದರಂತೆ. ಲಡಿಯನ್ನು ನನ್ನ ಕೈಗೇ ವಾಪಸು ಇಟ್ಟರು. ಕೈ ಚೆನ್ನಾಗೈತೆ ಕಣಯ್ಯ, ನೀರು ಬದಲಾಯಿಸು ಎಂದರು. ಆ ಮಾತಿನಲ್ಲಿ ಹೊಗಳಿಕೆಯೂ ಇತ್ತು, ನನಗೆ ಅದು ಕೇಳಿಸಲೇ ಇಲ್ಲ.

ಅಲ್ಲಿಂದ ನೇರವಾಗಿ ಖೈರೂನ್ ಬಿಯ ಮನೆಗೆ ಹೋಗಿದ್ದರೆ ಕೆಲಸ ಮುಗಿಯುತ್ತಿತ್ತು. ಹೋಗಲಿಲ್ಲ. ಮನೆಗೆ ಬಂದು ನಾರಾಯಣಮ್ಮನಿಗೆ ವ್ಯಾಪಾರಿ ಸಿಗಲಿಲ್ಲ ಎಂದೆ. ಗುರುವಾರ ಒಂದು ಕಾವಡಿ ಮಾಡಿಕೊಂಡು ಮುಕ್ಕಾಲು ಮೈಲಿ ದೂರದ ಕೆರೆಯಿಂದ ನೀರು ಹೊರಲು ಶುರು ಮಾಡಿದೆ. ಹೊತ್ತು ಮೂಡುವ ಮುಂಚೆ ಶುರು ಮಾಡಿದವನು ಮಧ್ಯಾಹ್ನದವರೆಗೆ ಒಂಬತ್ತು ಸಲ ಹೋಗಿ ಬಂದೆ. ಭುಜದ ಚರ್ಮ ಕಿತ್ತು ಬಂತು. ಆ ನೀರು ಮಳೆಗೆ ಕದಡಿ ಕೆಂಪಾಗಿತ್ತು. ಅದರಲ್ಲಿ ಗೂಡೇನೋ ಬೆಂದಿತು, ನೂಲು ಇಟ್ಟಿಗೆ ಬಣ್ಣಕ್ಕೆ ಬಂತು. ನಾರಾಯಣಮ್ಮ ನನ್ನ ಭುಜಕ್ಕೆ ಹರಳೆಣ್ಣೆ ಹಚ್ಚಿದಳು. ಅವಳು ಒಂದು ಸಲ ನಾನು ಹೇಳಲಿಲ್ಲವಾ ಎಂದಿದ್ದರೆ ನನಗೆ ಜಗಳವಾದರೂ ಸಿಗುತ್ತಿತ್ತು.

ಶುಕ್ರವಾರ ಬೆಳಿಗ್ಗೆ ಎದ್ದು ಮಂಕರಿಯ ಮೇಲಿನ ಗೋಣಿ ತೆಗೆದೆ. ಗೂಡಿನ ಮೇಲೆ ಬಿಳೀ ಚಿಟ್ಟೆ ಕೂತಿತ್ತು. ಒಂದಲ್ಲ, ಏಳೆಂಟು. ರೇಷ್ಮೆ ಚಿಟ್ಟೆ ಹಾರುವುದಿಲ್ಲ, ಸುಮ್ಮನೆ ರೆಕ್ಕೆ ಬಡಿಯುತ್ತಾ ಹತ್ತಿದ ಕಡೆ ಅಂಟಿಕೊಂಡಿರುತ್ತದೆ. ನಾನು ಒಂದೊಂದನ್ನೇ ಆರಿಸಿ ತೆಗೆದೆ. ಮಿಕ್ಕದ್ದು ನಾಳೆ ನಾಡಿದ್ದರಲ್ಲಿ ಹೊರಡುತ್ತದೆಂದು ಲೆಕ್ಕ ಗೊತ್ತಿತ್ತು. ಏಳು ಮಂಕರಿ ಗೂಡು ಹಾಗೇ ಕೂತಿತ್ತು. ಹದಿನೈದು ವರ್ಷ ಕೂಡಿಟ್ಟದ್ದಕ್ಕೆ ನನ್ನ ಕಣ್ಣ ಮುಂದೆ ತೂತು ಬೀಳುತ್ತಿತ್ತು.

ಅಂಗಿ ಹಾಕಿಕೊಂಡು, ಬಾ ಎಂದು ನಾರಾಯಣಮ್ಮನನ್ನು ಕರೆದೆ. ಅವಳು ಸೆರಗು ಸರಿಮಾಡಿಕೊಂಡು ಹೊರಟಳು.

ಚರಕದವರ ಗಲ್ಲಿಯಲ್ಲಿ ಹೊಗೆ ಇರಲಿಲ್ಲ. ಶುಕ್ರವಾರ ಆ ಬೀದಿಯಲ್ಲಿ ಚರಕ ತಿರುಗುವುದಿಲ್ಲ, ಅವತ್ತು ನಮಾಜು, ಸ್ನಾನ, ವಿಶ್ರಾಂತಿ. ಅದು ನನಗೆ ಅಲ್ಲಿಗೆ ಹೋದ ಮೇಲೆಯೇ ತಿಳಿದದ್ದು. ಖೈರೂನ್ ಬಿ ಹೊಸ್ತಿಲ ಮೇಲೆ ಕೂತು ಅಕ್ಕಿಯ ಕಲ್ಲು ಆರಿಸುತ್ತಿದ್ದರು. ದಾರಿಯುದ್ದಕ್ಕೂ ನಾನು ಏನು ಹೇಳಬೇಕೆಂದು ಜೋಡಿಸಿಕೊಂಡು ಬಂದಿದ್ದೆ. ನೀರಿನ ಮಾತನ್ನು ಮಾತ್ರ ಎತ್ತಬಾರದೆಂದು ತೀರ್ಮಾನಿಸಿದ್ದೆ.

"ಏನಿಲ್ಲ ಅಮ್ಮ, ಆ ಬಯಲಲ್ಲಿ ನಮ್ಮೋಳಿಗೆ ಒಬ್ಳಿಗೇ ಬೇಜಾರಂತೆ. ಮಾತಾಡ್ಸೋರು ಯಾರೂ ಇಲ್ಲ. ಜೊತೆ ಬೇಕು ಅಂತಾಳೆ. ಆ ಕೋಣೆ ಇನ್ನೂ ಇದ್ರೆ ನೋಡಣ ಅಂತ ಬಂದೆ" ಎಂದೆ.

ಹೇಳುವಾಗ ನಾರಾಯಣಮ್ಮನ ಕಡೆ ನೋಡುವ ಧೈರ್ಯ ಬರಲಿಲ್ಲ. ಖೈರೂನ್ ಬಿ ನೋಡಿದರು. ನಾರಾಯಣಮ್ಮ ತಲೆ ಬಗ್ಗಿಸಿಕೊಂಡು, "ಹೂಂ ಅಮ್ಮ, ತುಂಬಾ ಬೇಜಾರು" ಎಂದಳು.

"ಬೇಜಾರಾಗ್ದೆ ಏನಾಗ್ತದೆ. ಅಲ್ಲಿ ಕಾಗೆನೂ ಕೂರಲ್ಲ" ಎಂದರು ಖೈರೂನ್ ಬಿ. ಮೊರವನ್ನು ಪಕ್ಕಕ್ಕಿಟ್ಟು ಎದ್ದು ನನ್ನ ಹತ್ತಿರ ಬಂದರು. ನನ್ನ ಹೆಗಲ ಹಿಂದೆ ಅಂಟಿಕೊಂಡಿದ್ದ ಒಂದು ಚಿಟ್ಟೆಯನ್ನು ಎರಡು ಬೆರಳಿನಲ್ಲಿ ಮೆಲ್ಲಗೆ ಬಿಡಿಸಿ, ಗೋಡೆಯ ಮೇಲೆ ಬಿಟ್ಟರು. ಆಮೇಲೆ ಕೇಳಿದರು, "ಗೂಡು ಎಷ್ಟು ಉಳಿದೈತಪ್ಪ?"

ನಾನು ಗೂಡಿನ ಮಾತೇ ಎತ್ತಿರಲಿಲ್ಲ. ಏಳು ಮಂಕರಿ ಎಂದೆ.

ಆಕೆ ಒಳಗೆ ಹೋಗಿ ಗಂಡನ ಜೊತೆ ಉರ್ದುವಿನಲ್ಲಿ ಎರಡು ಮಾತಾಡಿದರು. ಬಾಷಾ ಸಾಬರು ಕೆಮ್ಮುತ್ತಾ ಹೊರಗೆ ಬಂದು, ಒಂದು ಗಾಡಿಯವನನ್ನು ಕೂಗಿ ಬೆಂಗಾಡಿಗೆ ಕಳಿಸಿದರು. ಆಮೇಲೆ ಕೋಲೂರಿಕೊಂಡು ಗಲ್ಲಿಯ ಮನೆಗಳ ಮುಂದೆ ಒಂದೊಂದು ನಿಮಿಷ ನಿಂತು ಹೋದರು. ಅವರು ಏನು ಹೇಳಿದರೋ ನನಗೆ ಗೊತ್ತಿಲ್ಲ.

ಮಂಕರಿಗಳು ಬಂದಾಗ ಮಧ್ಯಾಹ್ನ. ಗಂಡಸರು ನಮಾಜು ಮುಗಿಸಿ, ಒಗೆದ ಬಟ್ಟೆಯಲ್ಲೇ ಮನೆಗೆ ಬರುತ್ತಿದ್ದರು. ನಾನು ಒಂದು ಬಾಣಲೆ ಕೊಟ್ಟರೆ ಸಾಕೆಂದುಕೊಂಡಿದ್ದೆ. ನೋಡುತ್ತಿದ್ದಂತೆ ಐದು ಮನೆಯಲ್ಲಿ ಒಲೆ ಹತ್ತಿತು. ಒಬ್ಬೊಬ್ಬರು ಬಂದು ಒಂದೊಂದು ಮಂಕರಿ ಎತ್ತಿಕೊಂಡು ಹೋದರು. ರಜಾ ದಿನ ಯಾಕೆ ತೊಂದರೆ ಎಂದು ನಾನು ಒಬ್ಬರಿಗೆ ಹೇಳಹೋದೆ. ಅವರು, "ಚಿಟ್ಟೆಗೆ ಶುಕ್ರವಾರ ಗೊತ್ತಾ?" ಎಂದು ನಕ್ಕು ಹೋದರು.

ಖೈರೂನ್ ಬಿಯ ಬಾಣಲೆ ಮುಂದೆ ನಾನೇ ಕೂತೆ. ಅಂದರೆ ಮತ್ತೊಬ್ಬರ ಬಾಣಲೆ ಮುಂದೆ ಕೂರುವುದಿಲ್ಲ ಎಂಬ ಆಣೆ ಅವತ್ತಿಗೆ ಮುರಿಯಿತು. ಆ ಬಾವಿಯ ನೀರಿನಲ್ಲಿ ಗೂಡು ಹೂವಿನ ಹಾಗೆ ಸಡಿಲವಾಯಿತು. ಎಳೆ ಹಿಡಿದರೆ ತಾನೇ ಬರುತ್ತದೆ, ಒಂದು ಸಲವೂ ಹರಿಯಲಿಲ್ಲ. ಕಣ್ಣಿಗೆ ಹೊಗೆ ಬಂದಿದ್ದರಿಂದ ಒರೆಸಿಕೊಳ್ಳುತ್ತಿದ್ದೆ ಎಂದು ಇಟ್ಟುಕೊಳ್ಳಿ. ಪಕ್ಕದ ಮನೆಯ ಮುದುಕರೊಬ್ಬರು ಬಗ್ಗಿ ಸ್ವಲ್ಪ ಹೊತ್ತು ನನ್ನ ಕೈಯನ್ನೇ ನೋಡಿದರು. ತಲೆಯಾಡಿಸಿಕೊಂಡು ಹೋದರು.

ಶನಿವಾರ ಸಂಜೆಗೆ ಏಳೂ ಮಂಕರಿ ಮುಗಿಯಿತು. ತೂತು ಬಿದ್ದದ್ದು ಒಂದು ಮೊರದಷ್ಟು ಮಾತ್ರ. ಐದು ಮನೆಯವರಿಗೂ ಏನು ಕೊಡಬೇಕೆಂದು ನಾನು ಬಾಷಾ ಸಾಬರನ್ನು ಕೇಳಿದೆ. ಇದಕ್ಕೆಲ್ಲಾ ಮುಯ್ಯಿ ಅಷ್ಟೇ, ಅವರ ಗೂಡು ಹೀಗೆ ಉಳಿದುಹೋದಾಗ ನೀನು ಹೋಗಿ ಕೂತ್ಕೊ ಎಂದರು. ಹೊಲದ ಕೆಲಸದಲ್ಲಿ ಹಾಗೆ ಆಳಿಗೆ ಆಳು ಬದಲಾಯಿಸುವುದು ನಮ್ಮೂರಲ್ಲೂ ಇತ್ತು. ಬಾಣಲೆಗೂ ಅದು ಇದೆಯೆಂದು ಅವತ್ತು ತಿಳಿಯಿತು. ಆ ವರ್ಷವೇ ಐದೂ ಮನೆಯ ಮುಯ್ಯಿ ತೀರಿಸಿದೆ. ಅದರಲ್ಲಿ ನನಗೆ ಯಾವ ಅವಮಾನವೂ ಕಾಣಲಿಲ್ಲ.

ಆ ಸಂಜೆ ಬಾಷಾ ಸಾಬರು ಇನ್ನೊಂದು ವಿಷಯ ಹೇಳಿದರು. ನಾವು ಬಂದುಹೋದ ಮೇಲೆ ಆ ಕೋಣೆಗೆ ಇಬ್ಬರು ಬಂದು ಕೇಳಿದ್ದರಂತೆ. ಒಬ್ಬರು ಮುಂಗಡ ಹಿಡಿದುಕೊಂಡೇ ಬಂದಿದ್ದರಂತೆ. ಖೈರೂನ್ ಬಿ ಇಬ್ಬರಿಗೂ ಕೊಟ್ಟಾಗಿದೆ ಎಂದು ಹೇಳಿ ಕಳಿಸಿದ್ದರು. ಯಾರಿಗೆ ಕೊಟ್ಟೆ ಎಂದು ಗಂಡ ಕೇಳಿದ್ದಕ್ಕೆ, "ನೀರು ನೋಡ್ಕೊಂಡು ಹೋದೋಳು ನೀರಿಗೇ ಬರ್ತಾಳೆ. ಗಂಡಸು ಬರೋದು ಒಂದು ವಾರ ತಡ ಆಗ್ತದೆ ಅಷ್ಟೇ" ಎಂದಿದ್ದರಂತೆ. ಬಾಷಾ ಸಾಬರು ಇದನ್ನು ಹೇಳಿ ಕೆಮ್ಮು ಬರುವವರೆಗೂ ನಕ್ಕರು. ನಾನೂ ನಕ್ಕೆ. ನಗುವುದು ಬಿಟ್ಟು ಬೇರೆ ಏನು ಮಾಡಬೇಕೆಂದು ತಿಳಿಯಲಿಲ್ಲ.

ಪಿಳ್ಳಪ್ಪಣ್ಣನಿಗೆ ಸುದ್ದಿ ಮುಟ್ಟಿ ಅವನು ನೋಡಲು ಬಂದ. ನಮ್ಮ ಬೀದಿ ಬಿಟ್ಟು ಇಲ್ಲಿಗೆ ಬಂದೆಯಲ್ಲೋ, ಏನು ಕಾರಣ ಎಂದು ಕೇಳಿದ. ನಾನು ಅದೇ ಮಾತು ಹೇಳಿದೆ, ಇವಳಿಗೆ ಆ ಬಯಲಿನಲ್ಲಿ ಒಬ್ಬಳಿಗೇ ಬೇಜಾರಾಗುತ್ತಿತ್ತು ಎಂದು. ನಾರಾಯಣಮ್ಮ ಒಳಗಿನಿಂದ ಕಾಫಿ ತಂದು ಕೊಟ್ಟು, ಹೌದು ಭಾವ, ಬೇಜಾರು ಎಂದಳು. ಆಮೇಲೆ ನಮ್ಮ ಅಣ್ಣಂದಿರು ಕೇಳಿದರು, ಅವರಿಗೂ ಅದೇ. ಚಿಕ್ಕಬಳ್ಳಾಪುರದ ಯಜಮಾನರು ಒಂದು ಸಲ ಬಂದಾಗ ಕೇಳಿದರು, ಅವರಿಗೂ ಅದೇ. ನಮ್ಮ ಕಡೆ ನಾರಾಯಣಮ್ಮ ಎಂದರೆ ಒಂಟಿಯಾಗಿ ಇರಲಾರದ ಅಂಜುಬುರುಕಿ ಎಂದು ಹೆಸರಾಗಿಹೋಗಿದೆ. ಮದುವೆ ಮುಂಜಿಯಲ್ಲಿ ಹೆಂಗಸರು ಇದನ್ನು ಹೇಳಿ ಅವಳನ್ನು ಹಾಸ್ಯ ಮಾಡುತ್ತಾರೆ. ಅವಳು ಸೆರಗು ಬಾಯಿಗಿಟ್ಟುಕೊಂಡು ಅವರ ಜೊತೆ ತಾನೂ ನಗುತ್ತಾಳೆ.

ಅವಳು ಅಂಜುಬುರುಕಿ ಅಲ್ಲ. ನಾವು ಬೆಂಗಾಡಿನಲ್ಲಿದ್ದ ಅಷ್ಟೂ ದಿನ ಅವಳು ಒಂದು ಸಲವೂ ಬೇಜಾರು ಎಂದು ಹೇಳಿರಲಿಲ್ಲ. ಆ ಮನೆ ಬಿಟ್ಟದ್ದು ನೀರಿಗಾಗಿ. ನೀರು ಕೆಟ್ಟದ್ದೆಂದು ಅವಳು ಮೊದಲ ದಿನವೇ ನನ್ನ ಮುಂದೆ ಹಿಡಿದು ತೋರಿಸಿದ್ದಳು, ನಾನು ಪರರ ಮುಂದೆ ನಕ್ಕಿದ್ದೆ. ಇಷ್ಟನ್ನು ನಾನು ಹತ್ತು ವರ್ಷದಲ್ಲಿ ಯಾರಿಗೂ ಹೇಳಿಲ್ಲ. ಅವಳಿಗೂ ಹೇಳಿಲ್ಲ. ಎಷ್ಟೋ ಸಲ ಬಾಯಿಗೆ ಬಂದಿದೆ. ಚರಕದ ಮುಂದೆ ಇಬ್ಬರೇ ಇರುವಾಗ ಹೇಳೋಣವೆಂದುಕೊಂಡು, ಬೆಂಕಿ ಸ್ವಲ್ಪ ಕಡಿಮೆ ಮಾಡು ಎಂದು ಬೇರೆ ಮಾತು ಹೇಳಿದ್ದೇನೆ.

ಈಗ ನಮ್ಮದು ಆರು ಚರಕ. ಅದೇ ಗಲ್ಲಿಯಲ್ಲಿ ಸ್ವಂತ ಮನೆಯಾಗಿದೆ. ಬಾಷಾ ಸಾಬರು ತೀರಿಕೊಂಡರು. ಖೈರೂನ್ ಬಿ ದಿನವೂ ಸಾಯಂಕಾಲ ನಮ್ಮ ಜಗಲಿಗೆ ಬಂದು ನಾರಾಯಣಮ್ಮನ ಜೊತೆ ಎಲೆ ಅಡಿಕೆ ಹಾಕಿಕೊಳ್ಳುತ್ತಾರೆ. ಇಬ್ಬರಿಗೂ ಓದು ಬರುವುದಿಲ್ಲ. ನಮ್ಮ ಮಗಳು ನಾಲ್ಕನೇ ಕ್ಲಾಸು, ಪತ್ರಿಕೆ ಬಂದರೆ ಅವರಿಗೆ ಗಟ್ಟಿಯಾಗಿ ಓದಿ ಹೇಳುವುದು ಅವಳ ಕೆಲಸ. ನಾನು ಬರೆದಿರುವ ಇದು ಪತ್ರಿಕೆಯಲ್ಲಿ ಅಚ್ಚಾದರೆ ಇದನ್ನೂ ಓದುತ್ತಾಳೆ. ಅವತ್ತು ಸಾಯಂಕಾಲ ನಾನು ಗೂಡು ಕೊಳ್ಳಲು ಚಿಂತಾಮಣಿ ಕಡೆಯ ಹಳ್ಳಿಗಳಿಗೆ ಹೋಗಿರುತ್ತೇನೆ. ಎದುರಿಗೆ ಕೂತು ಕೇಳಿಸಿಕೊಳ್ಳುವಷ್ಟು ಧೈರ್ಯ ನನಗೆ ಇನ್ನೂ ಬಂದಿಲ್ಲ. ತಿರುಗಿ ಮನೆಗೆ ಬಂದಾಗ ಆ ಇಬ್ಬರೂ ಇದರ ಬಗ್ಗೆ ಒಂದು ಮಾತೂ ಎತ್ತುವುದಿಲ್ಲ, ಅದು ನನಗೆ ಗೊತ್ತು. ಕೈಕಾಲು ತೊಳೆದುಕೊಂಡು ಊಟಕ್ಕೆ ಬನ್ನಿ ಎನ್ನುತ್ತಾಳೆ ನಾರಾಯಣಮ್ಮ. ನಾನು ಹೋಗಿ ಕೂರುತ್ತೇನೆ.